ಹಿಂದಿನ ಸೀಟಿನಲ್ಲಿ ಕೂರುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಮುಂದೆ ಮೇಸ್ತ್ರಿ ರಿಪೇರಿಯಾದ ಮೋಟಾರ್‌ಸೈಕಲ್ ಸ್ಟಾರ್ಟ್ ಮಾಡಿ, ಒಳಗಿನ ಮನೆಯತ್ತ ತಿರುಗಿ "ಬಾರೇ" ಎನ್ನುತ್ತಾರೆ. ಹೆಂಡತಿ ಒದ್ದೆ ಕೈ ಒರೆಸಿಕೊಂಡು, ಹೆಲ್ಮೆಟ್ ಹಾಕಿಕೊಂಡು ಬಂದು ಹಿಂದೆ ಕೂರುತ್ತಾರೆ.

"ಇವಳನ್ನ ಕೂರಿಸ್ಕೊಂಡು ಒಂದು ಸುತ್ತು ಹೋಗಿಬರದೆ ನಾನು ಯಾರಿಗೂ ಗಾಡಿ ಕೊಡಲ್ಲ. ನನ್ನ ಹೆಂಡ್ತೀನ ಕೂರಿಸೋ ಧೈರ್ಯ ಇಲ್ಲದ ಗಾಡೀನ ಇನ್ನೊಬ್ಬರ ಮನೆಯವರಿಗೆ ಹೇಗೆ ಕೊಡ್ಲಿ?"

ಮದುವೆಯಾದಾಗಿನಿಂದ ಹೀಗೇ ನಡೆದುಬಂದಿದೆಯಂತೆ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಇದು ಹುಚ್ಚುತನ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಗಾಡಿ ಇಬ್ಬರು ಮಕ್ಕಳನ್ನು ಶಾಲೆಗೆ ಬಿಡುವ ತಂದೆಯೊಬ್ಬರದು. ಇದರ ಕ್ಲಚ್ಚಿಗೆ ಕೇಬಲ್ ಇಲ್ಲ. ಹ್ಯಾಂಡಲಿನ ಎಡಗಡೆಯ ಹಿಡಿ ಒತ್ತಿದರೆ ಪೈಪಿನೊಳಗಿನ ಆಯಿಲ್ ಕ್ಲಚ್ಚನ್ನು ಬಿಡಿಸಿ, ಎಂಜಿನ್ನಿಗೂ ಚಕ್ರಕ್ಕೂ ಇರುವ ನಂಟು ತಪ್ಪಿಸುತ್ತದೆ. ಹಿಡಿ ಸಡಿಲವಾಗಿದೆ ಎಂದು ಬಂದಿತ್ತು. ನಿನ್ನೆ ಮೇಸ್ತ್ರಿ ಪೈಪಿನಲ್ಲಿದ್ದ ಗಾಳಿ ತೆಗೆದಿದ್ದಾರೆ. ಹಿಡಿ ಬಿಗಿಯಾಗಿದೆ.

ಓಣಿಯ ತುದಿಯ ಸಿಗ್ನಲ್ಲಿನಲ್ಲಿ ಗಂಡ ಹೆಂಡತಿ ನಿಲ್ಲುತ್ತಾರೆ. ಕೆಂಪು ದೀಪ ಇನ್ನೂ ಆರಿಲ್ಲ, ಗಾಡಿ ತಾನೇ ಮುಂದಕ್ಕೆ ನುಗ್ಗುತ್ತದೆ. ಎದುರಿಗೇ ಅಡ್ಡ ಹಾಯುತ್ತಿರುವ ಲಾರಿ. ಮೇಸ್ತ್ರಿ ಬ್ರೇಕ್ ಅದುಮುತ್ತಾರೆ, ಎಂಜಿನ್ ಆರಿಹೋಗುತ್ತದೆ, ಲಾರಿ ಗಾಡಿಯ ಮುಂದಿನ ಚಕ್ರವನ್ನು ಸವರಿಕೊಂಡೇ ಹೋಗುತ್ತದೆ.

ಗಾಡಿ ತಳ್ಳಿಕೊಂಡು ಬಂದ ಮೇಸ್ತ್ರಿಯ ಮುಖ ಬಿಳಿಚಿಕೊಂಡಿದೆ. ಮೊದಲು ಮಾತಾಡುವುದು ಹೆಂಡತಿ.

"ನಿಂತಾಗ ಸರಿಯಾಗೇ ಇತ್ತಲ್ಲ. ಹಿಡಿ ಬಿಟ್ರಾ?"

"ಇಲ್ಲ ಕಣೇ, ಹಿಡ್ಕೊಂಡೇ ಇದ್ದೆ."

"ಹಾಗಾದ್ರೆ ಹಿಡ್ಕೊಂಡಿದ್ದಾಗಲೇ ಅದು ಸೋತಿದೆ."

ಮೇಸ್ತ್ರಿ ಹಿಡಿಯನ್ನು ಅರ್ಧ ಒತ್ತಿ, ಬಿಡದೆ ಕಾಯುತ್ತಾರೆ. ಅದು ಮೆಲ್ಲಗೆ ಹ್ಯಾಂಡಲಿನತ್ತ ಕುಸಿಯತೊಡಗುತ್ತದೆ. ನಿನ್ನೆಯೆಲ್ಲ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದ್ದರೇ ಹೊರತು ಹಿಡಿದು ನಿಂತಿರಲಿಲ್ಲ. ಹೊರಗೆ ಒಂದು ಹನಿಯೂ ಸೋರಿಲ್ಲ. ಹಿಡಿಯ ಬುಡದ ಸಿಲಿಂಡರಿನೊಳಗೆ ರಬ್ಬರ್ ಸೀಲ್ ಸವೆದು, ಆಯಿಲ್ ತನ್ನ ಡಬ್ಬಿಗೇ ವಾಪಸ್ ನುಸುಳುತ್ತಿದೆ. "ಮನೆಗಳ್ಳನ ಕೆಲಸ" ಎಂದು ಮೇಸ್ತ್ರಿ ಗೊಣಗುತ್ತಾರೆ.

ಹೊಸ ಸೀಲ್ ಕೂರುತ್ತದೆ. ಮತ್ತೆ ಗಾಳಿ ತೆಗೆದು, ಈ ಸಲ ಕೈ ಸೋಲುವವರೆಗೂ ಹಿಡಿ ಒತ್ತಿಕೊಂಡು ನಿಲ್ಲುತ್ತಾರೆ. ಕುಸಿಯುವುದಿಲ್ಲ. ಆದರೂ ಸ್ಟಾರ್ಟ್ ಮಾಡಿ "ಇವತ್ತು ನೀನು ಬೇಡ" ಎನ್ನುತ್ತಾರೆ. ಹೆಂಡತಿ ಆಗಲೇ ಹೆಲ್ಮೆಟ್ ಹಾಕಿಕೊಂಡಾಗಿದೆ.

ಅದೇ ಸಿಗ್ನಲ್. ಹಸಿರು ಬರುವವರೆಗೂ ಗಾಡಿ ಒಂದಿಂಚೂ ಕದಲುವುದಿಲ್ಲ.

ನಾನು ಬಂದದ್ದು ಮೇಸ್ತ್ರಿಯ ಬಗ್ಗೆ ಬರೆಯಲು. ಕೇಳಬೇಕಾದ ಪ್ರಶ್ನೆ ಮಾತ್ರ ಹಿಂದಿನ ಸೀಟಿನಿಂದ ಇಳಿಯುತ್ತಿರುವವರಿಗೆ. ಅಕ್ಕಾ, ಹೆದರಿಕೆ ಆಗಲ್ವಾ?

"ಆಗತ್ತೆ. ದಿನಾ ಆಗತ್ತೆ. ಅವರ ಕೆಲಸ ರಿಪೇರಿ ಮಾಡೋದು, ನನ್ನ ಕೆಲಸ ಹೆದರೋದು. ಇಲ್ಲಿ ನಾನೊಬ್ಬಳು ಹೆದರಿ ಮುಗಿಸಿಬಿಟ್ರೆ, ಆ ಮಕ್ಕಳು ಹಾಡ್ಕೊಂಡು ಶಾಲೆಗೆ ಹೋಗ್ತಾವೆ."