ಗ್ಲಾಸಿನ ಗುಳ್ಳೆಯಲ್ಲಿ ದನಿ ಹುಡುಕುವಾಕೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಆಮ್ಲಜನಕದ ಸಿಲಿಂಡರುಗಳ ಪಕ್ಕದ ಪುಟ್ಟ ಕೋಣೆಯಲ್ಲಿ, ದಪ್ಪ ಕನ್ನಡಕದ ಹೆಂಗಸೊಬ್ಬರು ಗ್ಲಾಸಿಗೆ ಎರಡು ಬೆರಳು ನೀರು ಹಾಕಿ ಸ್ಟ್ರಾ ಇಳಿಬಿಡುತ್ತಿದ್ದಾರೆ. ದನಿ ಕಳೆದುಕೊಂಡವರಿಗೆ ದನಿ ಮರಳಿಸುವುದೇ ಇಪ್ಪತ್ತೆರಡು ವರ್ಷಗಳಿಂದ ಇವರ ಕೆಲಸ. ರೋಗಿಗಳ ಬಾಯಲ್ಲಿ ಇವರು 'ಗುಳ್ಳೆ ಅಕ್ಕ'. ಮೇಲಿನ ಮಹಡಿಯವರಿಗೆ ಇಂಥದ್ದೊಂದು ಕೋಣೆ ಇದೆಯೆಂಬುದೇ ಗೊತ್ತಿಲ್ಲ!

ಎದುರಿಗೆ ಕುಳಿತವಳು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವಾಕೆ. ಕೂಗಿ ಕೂಗಿ ಗಂಟಲಲ್ಲಿ ಗಂಟಾಗಿ, ಶಸ್ತ್ರಚಿಕಿತ್ಸೆಯಾಗಿ, ವಾರದ ಮೌನ ಮುಗಿಸಿ ಬಂದಿದ್ದಾಳೆ. ಗಾಯ ಮಾದಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಈ ತಿಂಗಳೊಳಗೆ ದನಿ ಮರಳದಿದ್ದರೆ ಹರಾಜು ಕಟ್ಟೆ ಬೇರೆಯವರ ಪಾಲು. ಇವತ್ತು ಮೊದಲ ಸ್ವರ. ಅಕ್ಕನ ಬಗ್ಗೆ ಬರೆಯಲೆಂದು ಬಂದು ಮೂಲೆಯಲ್ಲಿ ಕುಳಿತ ನನಗೇ ಇಷ್ಟು ಆತಂಕ, ಇನ್ನು ಆಕೆಗೆ ಹೇಗಿರಬೇಡ!

"ಒಂದು ವಾರ ಬಾಯಿ ಮುಚ್ಕೊಂಡಿದ್ರಿ ತಾನೆ?" ಅಕ್ಕ ಕೇಳುತ್ತಾರೆ. ಆಕೆ ತಲೆ ತಗ್ಗಿಸಿ ಸ್ಲೇಟಿನಲ್ಲಿ ಬರೆಯುತ್ತಾಳೆ: ದಿನಾ ಅರ್ಧ ಗಂಟೆ ಪಿಸುದನಿಯಲ್ಲಿ ಹರಾಜು ಕೂಗಿದೆ, ಲಯ ಮರೆತುಹೋದೀತು ಅಂತ.

ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ ಮಹಾತಾಯಿ! ಪಿಸುಗುಟ್ಟಿದ್ರೆ ಗಂಟಲಿಗೆ ರಜೆ ಅಂದ್ಕೊಂಡ್ರಾ? ಒಳಗಿರೋ ಎರಡು ಮಡಿಕೆನ ಹಿಂಡಿ ಹಿಪ್ಪೆ ಮಾಡಿದ ಹಾಗೆ ಅದು!"

ಬೈಗುಳದ ನಡುವೆಯೇ ನನಗೂ ಪಾಠ. ಗಂಟಲಿನ ಆ ಮಡಿಕೆಗಳು, ಅಂದರೆ ಧ್ವನಿತಂತುಗಳು, ಹೆಬ್ಬೆರಳಿನ ಉಗುರಿನಷ್ಟು ಉದ್ದ, ಅಷ್ಟೇ. ಉಸಿರಾಡುವಾಗ ತೆರೆದಿರುತ್ತವೆ. ಮಾತಿಗೆ ಹೊರಟರೆ ಹತ್ತಿರ ಬರುತ್ತವೆ. ಶ್ವಾಸಕೋಶದ ಗಾಳಿ ಅವನ್ನು ತಳ್ಳಿ ತೆರೆಯುತ್ತದೆ, ಮರುಕ್ಷಣವೇ ಅವು ಮುಚ್ಚಿಕೊಳ್ಳುತ್ತವೆ. ಹೆಂಗಸರಲ್ಲಿ ಇದು ಸೆಕೆಂಡಿಗೆ ಸುಮಾರು ಇನ್ನೂರು ಸಲ! ಅಲ್ಲಿ ಹುಟ್ಟುವುದು ಬರೀ ಝೇಂಕಾರ; ಅದನ್ನು ಮಾತಾಗಿಸುವುದು ಬಾಯಿ, ನಾಲಿಗೆ, ತುಟಿ. ದಿನಕ್ಕೆ ಹದಿನಾಲ್ಕು ಗಂಟಲು ನೋಡುವ ಅಕ್ಕನಿಗೆ ಇದು ಇನ್ನೂ ಹಳತಾಗಿಲ್ಲ. "ಸುಮ್ನೆ ಗಾಳಿ ಕಣ್ರೀ! ಆ ಗಾಳಿನೇ ಮಾತಾಗೋದು!" ಎನ್ನುವಾಗ ಅವರ ಕಣ್ಣರಳುತ್ತದೆ.

"ಈಗ ಸ್ಟ್ರಾದಲ್ಲಿ ಊ ಅನ್ನಿ. ಕೂಗ್ಬೇಡಿ. ಹಗುರಾಗಿ. ನೀರಿನ ತಡೆ ಇದ್ರೆ ಮಡಿಕೆ ಒಂದಕ್ಕೊಂದು ಜೋರಾಗಿ ಬಡ್ಕೊಳ್ಳಲ್ಲ."

ಗುಳ್ಳೆಗಳು ಏಳುತ್ತವೆ. ದನಿ ಇಲ್ಲ. ಇನ್ನೊಮ್ಮೆ. ಬರೀ ಗುಳ್ಳೆ. ಆಕೆಯ ಕಣ್ಣು ತುಂಬುತ್ತದೆ. ಅಕ್ಕ ಆಕೆಯ ಕೈಯನ್ನು ತಮ್ಮ ಕುತ್ತಿಗೆಯ ಮೇಲಿಟ್ಟುಕೊಂಡು, ನಡುಕ ಬೆರಳಿಗೆ ತಾಗಲಿ ಎಂದು, ತಾವೇ ಊ ಎನ್ನುತ್ತಾರೆ. "ಗಾಬರಿ ಬೇಡ. ಇಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ."

ಐದನೇ ಸಲ ಗುಳ್ಳೆಗಳ ಒಳಗಿನಿಂದ ಏನೋ ಗುಂಯ್‌ಗುಡುತ್ತದೆ. ಸಣ್ಣಗೆ, ನಡುಗುತ್ತಾ, ಆದರೆ ದನಿಯೇ! ಆಕೆ ಸ್ಟ್ರಾ ಕಿತ್ತೆಸೆದು "ಅಕ್ಕಾ!" ಎಂದುಬಿಡುತ್ತಾಳೆ. ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೇನೆ.

"ಸಾಕು ಸಾಕು, ಇವತ್ತಿಗೆ ಇಷ್ಟೇ," ಎಂದು ಗದರುತ್ತಾ ಅಕ್ಕ ಕನ್ನಡಕ ಒರೆಸಿಕೊಳ್ಳುತ್ತಾರೆ. ಆಕೆ ಹೊರಟುಹೋದ ಮೇಲೆ, ನಿಮಗೇನಾದರೂ ಆಸೆ ಇದೆಯೇ ಎಂದು ಅಕ್ಕನನ್ನು ಕೇಳುತ್ತೇನೆ.

"ಇಲ್ಲಿಗೆ ಬರೋರ ಒಡಕು ದನಿ ಮಾತ್ರ ನಂಗೆ ಗೊತ್ತು. ವಾಸಿ ಆದ್ಮೇಲೆ ಯಾರೂ ಈ ಕಡೆ ತಲೆ ಹಾಕಲ್ಲ, ಹಾಕಲೂಬಾರ್ದು. ಒಂದಿನ ಮಾರ್ಕೆಟ್ಟಿಗೆ ಹೋಗಿ, ಜನರ ಹಿಂದೆ ನಿಂತು, ಈಯಮ್ಮ ಹರಾಜು ಕೂಗೋದನ್ನ ಕೇಳ್ಬೇಕು. ನಾನು ಬಂದಿರೋದು ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಖುಷಿಗೆ ಇನ್ನೂ ಜೋರಾಗಿ ಕೂಗ್ಬಿಡ್ತಾಳೆ!"