‘ತಗದ ತೋರಸ್ರಿ’ ಎನ್ನುತ್ತಿದ್ದ ಅಕ್ಕೋರು

ಇಂಡಿ ಪಟ್ಟಣದ ಮೇ ತಿಂಗಳ ಬಿಸಿಲಿನಲ್ಲಿ, ಇಳಕಲ್ ಸೀರೆಯ ಮೇಲೆ ಗಂಡಸರ ಉಣ್ಣೆ ಸ್ವೆಟರ್ ತೊಟ್ಟು, ತಲೆಗೆ ಮಂಗನ ಟೋಪಿ ಹಾಕಿಕೊಂಡು ಅವರು ಸರ್ವರ್ ಕೋಣೆಯಿಂದ ಹೊರಬಂದರೆ, ಹೊಸ ರೋಗಿಗಳು ತಮ್ಮ ಕಾಯಿಲೆ ಮರೆತು ಅವರನ್ನೇ ನೋಡುತ್ತಿದ್ದರು. ಯಂತ್ರಗಳಿಗಾಗಿ ಆ ಕೋಣೆಯನ್ನು ಯಾವಾಗಲೂ ತಣ್ಣಗೆ ಇಟ್ಟಿರುತ್ತಿದ್ದರು. ಅವರು ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಮೊದಲು ಡಿಪ್ಲೊಮಾ ಕಾಲೇಜಿನಲ್ಲಿ ಕಲಿಸುತ್ತಿದ್ದುದರಿಂದ ದೊಡ್ಡ ಡಾಕ್ಟರಿಗೂ ಅವರು ಅಕ್ಕೋರೇ. ನಾನು ಅಲ್ಲಿ ಸ್ಕ್ಯಾನ್ ತೆಗೆಯುವವನು.

ಅವರಷ್ಟು ಅನುಮಾನದ ಮನುಷ್ಯರನ್ನು ನಾನು ಕಂಡಿಲ್ಲ. ಬ್ಯಾಕಪ್, ಅಂದರೆ ಕಾಪಿಟ್ಟ ನಕಲು, ಆಗಿದೆ ಎಂದರೆ, "ಆಗೈತಿ ಅನ್ನಬ್ಯಾಡ್ರಿ, ತಗದ ತೋರಸ್ರಿ" ಎನ್ನುವರು. ಯಾರಾದರೂ ಇನ್ನೊಬ್ಬರ ಪಾಸ್‌ವರ್ಡ್ ಬಳಸಿದರೆ ಅವತ್ತು ಅವರಿಗೆ ಮಂಗಳಾರತಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನ ನಮ್ಮ ಶಾಖೆಗಳ ಸ್ಕ್ಯಾನ್ ಚಿತ್ರಗಳಿದ್ದ ಡಿಸ್ಕುಗಳನ್ನು ಒಂದೇ ಪರದೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್ ಬಂತು. ಅದನ್ನು ಅದೇ ಡಿಸ್ಕುಗಳ ಮೇಲೆ ಹಾಕಲು ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್ ಹೊರಟಾಗ ಅಕ್ಕೋರು ತಡೆದರು.

"ಕಾಯಾಂವನ್ನೂ ಅಲ್ಲೇ ಮಲಗಿಸಿದ್ರ, ಡಿಸ್ಕ್ ಕೆಟ್ಟಾಗ ಎಬ್ಬಸಾವ್ರ ಯಾರ್ರಿ? ಬ್ಯಾರೆ ಮಷಿನ್ಯಾಗ ಹಾಕ್ರಿ."

ಅಷ್ಟಕ್ಕೇ ಬಿಡಲಿಲ್ಲ. ಬ್ಯಾಕಪ್‌ನಿಂದ ಊರಿಗೊಂದು ಚಿತ್ರ ತೆಗೆಸಿದರು. ಮುದ್ದೇಬಿಹಾಳದ್ದು ಬರಲಿಲ್ಲ. ಪರದೆಯ ಮೇಲೆ ಬ್ಯಾಕಪ್ ಆಗಿದೆ ಎಂಬ ಹಸಿರು ಗುರುತು ಇತ್ತು, ಒಳಗೆ ನೋಡಿದರೆ ಖಾಲಿ! ಹೊರಗೆ ಹೊಸ ಸಾಫ್ಟ್‌ವೇರಿನ ಉದ್ಘಾಟನೆಗೆ ಜನ ಬಂದು ಕುಳಿತಿದ್ದರು. ಪೇಢೆ ಡಬ್ಬಿ ನನ್ನ ಕೈಯಲ್ಲೇ ಇತ್ತು.

"ಅಕ್ಕೋರ, ಮಂದಿ ಬಂದ ಕುಂತಾರ. ನನ್ನ ಮರ್ಯಾದಿ ಏನಾಗಬೇಕು?" ಎಂದು ದೊಡ್ಡ ಡಾಕ್ಟರು ಸಿಡುಕಿದರು.

"ಚಾ ಕೊಡಸ್ರಿ ಸರ್. ಮುದ್ದೇಬಿಹಾಳದ ಚಿತ್ರ ಕೈಗಿ ಬರೂತನಾ ಇದನ್ನ ಹಾಕೂದಿಲ್ಲ."

ಮರುದಿನ ತಾವೇ ಮುದ್ದೇಬಿಹಾಳದ ಬಸ್ಸು ಹತ್ತಿದರು. ಎಲ್ಲವನ್ನೂ ಹೊಸದಾಗಿ ನಕಲು ಮಾಡಿಸಿ, ತೆಗೆಸಿ ನೋಡಿಯೇ ಬಂದರು. ಇಷ್ಟೊಂದು ಹಟ ಯಾಕೆ ಎಂದು ನಾವೆಲ್ಲ ಗೊಣಗಿದೆವು.

ಮುಂದಿನ ವಾರ ಸಾಫ್ಟ್‌ವೇರ್ ಹಾಕುವ ದಿನವೇ ನನ್ನ ತಂಗಿ ಬಂದಿದ್ದಳು. ಅವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದೇವೆ. ಅವಳ ತಲೆಯೊಳಗೆ ಒಂದು ಸಣ್ಣ ಗಂಟು. ಅಲ್ಲಿನ ನಮ್ಮ ಶಾಖೆಯಲ್ಲಿ ತೆಗೆಸಿದ್ದ ಹಳೆಯ ಸ್ಕ್ಯಾನಿಗೆ ಹೊಸದನ್ನು ಹೋಲಿಸಿ, ಬೆಳೆದಿದ್ದರೆ ಆಪರೇಷನ್, ಇಲ್ಲದಿದ್ದರೆ ಬೇಡ ಎಂದು ಡಾಕ್ಟರು ಹೇಳಿದ್ದರು. ಹಳೆಯ ಫಿಲ್ಮು ಟ್ರಂಕಿನಲ್ಲಿ ಸೆಕೆಗೆ ಅಂಟಿಕೊಂಡು ಹಾಳಾಗಿತ್ತು.

ಅಕ್ಕೋರು ಊಟಕ್ಕೆ ಎದ್ದಾಗ ಹೊಸ ಸಾಫ್ಟ್‌ವೇರ್ ಮುದ್ದೇಬಿಹಾಳದ ಹಳೆಯ ಡಿಸ್ಕುಗಳನ್ನು ಗುರುತಿಸದೆ, ಇವು ಖಾಲಿ, ಹೊಸದಾಗಿ ಸಿದ್ಧಮಾಡಲೇ ಎಂದು ಕೇಳಿತಂತೆ. ಎಂಜಿನಿಯರ್ ಹೂಂ ಒತ್ತಿಬಿಟ್ಟ.

"ಹೋತ್ರಿ ಅಕ್ಕೋರ, ಎಲ್ಲಾ ಅಳಿಸಿಹೋತು" ಎಂದು ಅವನು ಓಡಿಬಂದಾಗ ಅಕ್ಕೋರ ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದ ನಾನು, "ನನ್ನ ತಂಗಿ ಹಳೆ ಸ್ಕ್ಯಾನ್ ಅದರಾಗ ಐತ್ರಿ" ಎಂದೆ. ಅಕ್ಕೋರು ತಟ್ಟೆ ಬಿಟ್ಟು ಎದ್ದು, "ನಾ ಎದ್ದ ಹೋಗಬಾರದಿತ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೆದರಬ್ಯಾಡ ತಮ್ಮಾ, ನಕಲು ಐತಿ" ಎಂದರು.

ಆ ಡಿಸ್ಕುಗಳಿಗೆ ಮತ್ತೆ ಯಾರೂ ಕೈಹಚ್ಚದಂತೆ ಮಾಡಿ, ಮೊದಲು ನನ್ನ ತಂಗಿಯ ಚಿತ್ರಗಳನ್ನೇ ನಕಲಿನಿಂದ ತರಿಸಿದರು. ಅವು ಒಂದೊಂದಾಗಿ ಪರದೆಯ ಮೇಲೆ ಬಂದಾಗ ನನಗೆ ಹೋದ ಜೀವ ಬಂದಂತಾಯಿತು. ಸ್ಕ್ಯಾನ್ ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು, ಅಳೆದು, ಮತ್ತೆ ಅಳೆದು ನೋಡಿದರು.

"ಅಷ್ಟೇ ಐತಿ. ಬೆಳದಿಲ್ಲ. ಆಪರೇಷನ್ ಮಾತ ಬ್ಯಾಡ."

ನನಗೆ ಅಳು ತಡೆಯಲಾಗಲಿಲ್ಲ. ಹಟ ಎಂದು ಗೊಣಗಿದ್ದ ನಾನೇ ಅಕ್ಕೋರ ಕಾಲಿಗೆ ಬಾಗಿದೆ. ಅವರು ಸರಕ್ಕನೆ ಹಿಂದೆ ಸರಿದರು.

"ನನ್ನ ಕಾಲ ಹಿಡದ ಏನ್ ಮಾಡ್ತೀಯೋ? ನಿನ್ನ ತಂಗಿ ಮುಂಜಾನಿಂದ ಹೊರಗ ಬೆಂಚಿನ ಮ್ಯಾಲ ಕುಂತಾಳ. ಆಕಿಗಿ ಇನ್ನೂ ಯಾರೂ ಹೇಳಿಲ್ಲ. ಓಡು."

ನಾನು ಓಡಿದೆ.