ಹುಳು ಹಣ್ಣಾದ ದಿನದ ಖೋ ಖೋ

ನಮ್ಮ ಡ್ರಿಲ್ ಮೇಷ್ಟ್ರು ಬರುತ್ತಿದ್ದಾರೆಂದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಹರೆಯದಲ್ಲಿ ಕಬಡ್ಡಿ ಆಡಿ ಮಂಡಿ ಕೆಡಿಸಿಕೊಂಡವರು ಅವರು. ಬೆಳಿಗ್ಗೆ ಎದ್ದೊಡನೆ ಎರಡೂ ಮಂಡಿಗೆ ನೋವಿನ ಮುಲಾಮು ತಿಕ್ಕಿ, ಕೈಯಲ್ಲಿ ಉಳಿದದ್ದನ್ನು ಕುತ್ತಿಗೆಗೂ ಸವರಿಕೊಂಡು, ಶಿಡ್ಲಘಟ್ಟದಿಂದ ಸೈಕಲ್ ತುಳಿದು ನಮ್ಮೂರ ಪ್ರೈಮರಿ ಶಾಲೆಗೆ ಬರುತ್ತಿದ್ದರು. ಪ್ರಾರ್ಥನೆಯ ಹೊತ್ತಿನಲ್ಲಿ ಗಾಳಿ ಅವರ ಕಡೆಯಿಂದ ಬೀಸಿದರೆ ಮುಂದಿನ ಸಾಲಿನ ಚಿಕ್ಕ ಮಕ್ಕಳ ಕಣ್ಣಲ್ಲಿ ನೀರು. ಅದನ್ನು ಹೆಡ್‌ಮೇಷ್ಟ್ರು ದೇಶಭಕ್ತಿ ಎಂದೇ ತಿಳಿದಿದ್ದರೋ ಏನೋ. ಇಂದಿಗೂ ಬಸ್ಸಿನಲ್ಲೋ ಆಸ್ಪತ್ರೆಯಲ್ಲೋ ಆ ಮುಲಾಮಿನ ವಾಸನೆ ಬಡಿದರೆ ನನಗೆ ಎದ್ದು ಓಡಬೇಕೆನ್ನಿಸುತ್ತದೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಶಾಲೆಯಲ್ಲಿದ್ದ ಆಟದ ಸಾಮಾನೆಂದರೆ ಗಾಳಿ ನಿಲ್ಲದ ಒಂದು ಫುಟ್‌ಬಾಲು, ಹರಿದ ರಬ್ಬರ್ ರಿಂಗು, ಮೇಷ್ಟ್ರ ಸೀಟಿ. ಹಾಗಾಗಿ ನಾವು ಖೋ ಖೋ ಆಡಿದೆವು. ಅದಕ್ಕೆ ಎರಡು ಕಂಬ ಸಾಕು, ನೀಲಗಿರಿ ಕಂಬಕ್ಕೆ ನಮ್ಮ ಕಡೆ ಬರವಿರಲಿಲ್ಲ. ಗೆರೆ ಎಳೆಯಲು ಸುಣ್ಣ ಮನೆಮನೆಯಲ್ಲೂ ಸಿಗುತ್ತಿತ್ತು. ಊರಿನ ಮುಕ್ಕಾಲು ಪಾಲು ಜನ ರೇಷ್ಮೆ ಹುಳು ಸಾಕುವವರು. ಹುಳುವಿಗೆ ರೋಗ ತಾಗದಿರಲೆಂದು ಹುಳುಮನೆಯ ಹೊಸ್ತಿಲಲ್ಲಿ ಸುಣ್ಣ ತುಳಿಯದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ.

ಖೋ ಖೋದಲ್ಲಿ ಸಾಲಾಗಿ ಕೂತವರ ನಡುವೆ ಒಬ್ಬಳು ಎದುರು ತಂಡದವರನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಕೂತವಳೊಬ್ಬಳ ಬೆನ್ನು ಮುಟ್ಟಿ ‘ಖೋ’ ಎಂದರೆ ಅವಳು ಎದ್ದು ಓಡಬೇಕು, ಮುಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು. ನನಗೆ ಓಡುವುದು ಬರುತ್ತಿತ್ತು, ಕೂರುವುದು ಬರುತ್ತಿರಲಿಲ್ಲ. ಹಿಡಿದರೆ ನಾನೇ ಹಿಡಿಯಬೇಕೆಂಬ ಹಟ. “ಖೋ ಕೊಡಮ್ಮಾ, ಖೋ ಕೊಡು! ಕೊಟ್ರೆ ಕೈ ಸವೆದುಹೋಗುತ್ತಾ?” ಎಂದು ಮೇಷ್ಟ್ರು ಗಂಟಲು ಹರಿದುಕೊಳ್ಳುತ್ತಿದ್ದರು. ಕೊನೆಗೆ ಕೊಡಲೇಬೇಕಾಗಿ ಬಂದಾಗ ಆ ಸಿಟ್ಟನ್ನೆಲ್ಲ ಕೂತವಳ ಬೆನ್ನಿಗೆ ಗುದ್ದಿ ಕೊಡುತ್ತಿದ್ದೆ. ಕೋಪ ನನಗೆ ಆಗಲೂ ಮೂಗಿನ ತುದಿಯಲ್ಲೇ.

ಹೆಚ್ಚು ಗುದ್ದು ತಿಂದವಳು ನನ್ನ ಗೆಳತಿ. ಅವಳ ಅಪ್ಪ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್. ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಮಾತ್ರ ತೆಲುಗು. “ನಿನ್ನ ಒಂದ್ ಖೋ ತಿಂದ್ರೆ ರಾತ್ರಿ ಊಟ ಬೇಡ ಕಣೇ” ಎನ್ನುತ್ತಿದ್ದಳು. ಕಂಬದ ಹತ್ತಿರ ಅವಳು ಒಂದು ಕೈಯಲ್ಲಿ ಕಂಬ ಹಿಡಿದು ಗರ್ರನೆ ತಿರುಗಿ ಹಾರಿದರೆ ತಪ್ಪಿಸಿಕೊಂಡವರಿಲ್ಲ. ನಮ್ಮಿಬ್ಬರಿಂದಾಗಿ ಆ ವರ್ಷ ನಮ್ಮ ಶಾಲೆ ಹೋಬಳಿಯಲ್ಲಿ ಗೆದ್ದಿತು. ತಾಲೂಕು ಮಟ್ಟದ ಪಂದ್ಯ ಶಿಡ್ಲಘಟ್ಟದಲ್ಲಿ. ನಾನು ಏಳನೇ ತರಗತಿ. ಮುಂದಿನ ವರ್ಷ ಆಡುತ್ತೇನೆ ಎನ್ನಲು ಆ ಶಾಲೆಯಲ್ಲಿ ನನಗೆ ಮುಂದಿನ ವರ್ಷವೇ ಇರಲಿಲ್ಲ.

ಅದೇ ವಾರ ನಮ್ಮ ಮನೆಯ ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದನ್ನು, ದಾಟಿ ಹಗಲು ರಾತ್ರಿ ಸೊಪ್ಪು ಮೇಯುತ್ತಿದ್ದವು. ಹಾಗೆ ಮೇದ ಹುಳು ಒಂದು ದಿನ ಸೊಪ್ಪು ಬಿಟ್ಟು, ಮೈ ಹಳದಿಯಾಗಿ, ತಲೆಯೆತ್ತಿ ಸಾಕುವ ಬಿದಿರು ತಟ್ಟೆಯ ಅಂಚಿಗೆ ಬರುತ್ತದೆ. ಅದನ್ನೇ ಹುಳು ಹಣ್ಣಾಯಿತು ಎನ್ನುವುದು. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ದೊಡ್ಡ ಚಾಪೆಗೆ, ಬಿಡಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟಿ ತಿಂಗಳ ದುಡಿಮೆ ಹಾಳು. ಆ ದಿನ ಮದುವೆಯಿದ್ದರೂ ಮನೆಬಿಟ್ಟು ಕದಲುವಂತಿಲ್ಲವೆಂದು ನಮ್ಮಜ್ಜಿ ಹೇಳುತ್ತಿದ್ದಳು.

ಪಂದ್ಯ ಮುಗಿದ ಮೇಲೆ ಹಣ್ಣಾಗುತ್ತವೆ ಎಂದು ಎಲ್ಲರ ಅಂದಾಜು. ಆದರೆ ಮಳೆ ಕೈಕೊಟ್ಟು ಒಮ್ಮೆಲೇ ಸೆಖೆ ಏರಿತು, ಸೆಖೆಗೆ ಹುಳು ಬೇಗ ಹಣ್ಣಾಗುತ್ತವೆ. ಪಂದ್ಯದ ದಿನ ಬೆಳಕು ಹರಿಯುವಾಗ ಅಮ್ಮ ನನ್ನನ್ನು ಎಬ್ಬಿಸಿದಳು. ಹುಳುಮನೆಗೆ ಹೋಗಿ ನೋಡಿದರೆ ತಟ್ಟೆ ತಟ್ಟೆಯಲ್ಲೂ ತಲೆಗಳು ಮೇಲೆದ್ದು ಆಡುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು.

“ಈ ಸಲ ಬೇಡಮ್ಮ,” ಎಂದರು ಅಪ್ಪ. “ಇರೋದೇ ನಾವು ಮೂರು ಜನ. ನೀನೂ ಹೋದ್ರೆ ಆಗಲ್ಲ.”

ನಾನು ಕಾಲು ಅಪ್ಪಳಿಸಿದೆ. ಅಪ್ಪಳಿಸಬೇಡ, ಹುಳು ಬೆದರುತ್ತವೆ ಎಂದಳು ಅಜ್ಜಿ. ನೆಮ್ಮದಿಯಾಗಿ ಕೋಪ ಮಾಡಿಕೊಳ್ಳುವುದಕ್ಕೂ ಬಿಡದ ಮನೆ! ಮುಖ ಊದಿಸಿಕೊಂಡು ಆರಿಸಲು ಕೂತೆ.

ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದೊಯ್ಯಲು ಗೆಳತಿ ಬಂದಳು. ಗೋಣಿತಾಟಿನ ಪರದೆ ಸರಿಸಿ ಇಣುಕಿದಳು, ನನ್ನ ಮುಖ ನೋಡಿದಳು, ತಟ್ಟೆಗಳನ್ನು ನೋಡಿದಳು. ಬಂದ ದಾರಿಯಲ್ಲೇ ತಿರುಗಿ ಓಡಿಹೋದಳು. ಇಷ್ಟೇನಾ ಸ್ನೇಹ ಎಂದು ಮನಸ್ಸಿನಲ್ಲೇ ಅವಳನ್ನು ಬೈದೆ. ಬೈಗುಳ ಇನ್ನೂ ಮುಗಿದಿರಲಿಲ್ಲ, ಪರದೆಯ ಆಚೆಯಿಂದ ಮುಲಾಮಿನ ವಾಸನೆ ಬಂತು.

ಅಂಗಳದಲ್ಲಿ ಇಡೀ ತಂಡ ನಿಂತಿತ್ತು. ಎಲ್ಲರೂ ಒಗೆದ ಬಿಳಿ ರವಿಕೆ, ನೀಲಿ ಲಂಗ. ಎಲ್ಲರ ಮುಂದೆ ಸೈಕಲ್ ಹಿಡಿದ ಮೇಷ್ಟ್ರು. “ಎಲ್ಲಾ ಸೇರಿ ಆರಿಸಿಬಿಟ್ರೆ ಹೊತ್ತಿಗೆ ಸರಿಯಾಗಿ ಹೊರಡಬಹುದು,” ಎನ್ನುತ್ತಾ ಅವರು ಒಳಗೆ ಹೆಜ್ಜೆ ಇಟ್ಟರು. ಅಜ್ಜಿ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು.

“ಅಲ್ಲೇ ನಿಂತ್ಕೊಳ್ಳಪ್ಪಾ ಮೇಷ್ಟ್ರೇ! ಏನ್ ಬಳ್ಕೊಂಡು ಬಂದಿದೀಯಾ ಮೈಗೆ? ಈ ಘಾಟಿಗೆ ನನ್ನ ಹುಳು ಗೂಡು ಕಟ್ತವಾ? ಒಂದಾದ್ರೂ ಉಳಿತದಾ?”

“ಮಂಡಿ ನೋವು ಕಣಮ್ಮ,” ಎಂದರು ಮೇಷ್ಟ್ರು. ಇಡೀ ಶಾಲೆಯನ್ನು ಒಂದು ಸೀಟಿಯಲ್ಲಿ ನಿಲ್ಲಿಸುವ ಮನುಷ್ಯ ನಮ್ಮಜ್ಜಿಯೆದುರು ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ನಿಂತಿದ್ದರು. ನನಗೆ ಅಳುವಿನ ನಡುವೆಯೇ ನಗು ಬಂತು.

ಅವರಿಗೆ ಅಂಗಳದ ಕೆಲಸ ಸಿಕ್ಕಿತು: ಖಾಲಿ ಚಂದ್ರಿಕೆಗಳನ್ನು ಬಾಗಿಲವರೆಗೆ ತಂದುಕೊಡುವುದು. ಹುಡುಗಿಯರು ಕೈಕಾಲು ತೊಳೆದು ಸುಣ್ಣ ತುಳಿದು ಒಳಗೆ ಬಂದರು. ಬಹುಪಾಲು ಎಲ್ಲರ ಮನೆಯಲ್ಲೂ ಹುಳುವಿದ್ದದ್ದರಿಂದ ಹೇಳಿಕೊಡುವ ಗೋಜಿರಲಿಲ್ಲ. ತೊಡಕಾದದ್ದು ನನ್ನ ಗೆಳತಿಗೆ. ಹುಟ್ಟಿದಾಗಿನಿಂದ ಗೂಡಿನ ರಾಶಿಯಲ್ಲೇ ಬೆಳೆದವಳು ಜೀವಂತ ಹುಳುವನ್ನು ಒಮ್ಮೆಯೂ ಮುಟ್ಟಿರಲಿಲ್ಲ! ಮೊದಲ ಹುಳು ಬೆರಳಿಗೆ ತಾಗಿದ್ದೇ ತಡ, “ಅಮ್ಮೀ!” ಎಂದು ಕಿರುಚಿ ನನ್ನ ಬೆನ್ನ ಹಿಂದೆ ಅಡಗಿದಳು. ಅಜ್ಜಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. “ಎಳೇ ಮಗೂನ ಎತ್ತಿಕೊಳ್ಳಲ್ವಾ, ಹಂಗೆ ಕಣಮ್ಮ. ಒತ್ತಬಾರದು. ಬಿಡಲೂಬಾರದು.” ಅವಳು ಕಣ್ಣು ಮುಚ್ಚಿಕೊಂಡು ಒಂದನ್ನು ಎತ್ತಿದಳು, ಆಮೇಲೆ ಕಣ್ಣು ಬಿಟ್ಟು ಇನ್ನೊಂದನ್ನು.

ಅಷ್ಟು ಜನ ಸೇರಿದರೂ ಮಾತಿಲ್ಲ, ಕತೆಯಿಲ್ಲ. ಸೊಪ್ಪಿನ ಸರಸರ ಒಂದೇ. ಹೊರಗೆ ಮೇಷ್ಟ್ರಿಗೆ ತಡೆಯಲಾರದೆ ಅಭ್ಯಾಸಬಲದಿಂದ ಸೀಟಿ ಬಾಯಿಗೆ ಹೋಯಿತು. “ಊದಿ ನೋಡೋಣ,” ಎಂದಳು ಅಜ್ಜಿ ಒಳಗಿನಿಂದಲೇ. ಸೀಟಿ ಜೇಬಿಗೆ ಇಳಿಯಿತು. ನನ್ನ ಪಾಲಿಗೆ ಆ ಬೆಳಗಿಗಿಂತ ದೊಡ್ಡ ಹಬ್ಬ ಆ ವರ್ಷ ಬರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಹಣ್ಣಾದವೆಲ್ಲ ಚಂದ್ರಿಕೆಯೇರಿದ್ದವು. ಉಳಿದದ್ದನ್ನು ನೋಡಿಕೊಳ್ಳುತ್ತೇವೆ, ಹೋಗಿ ಬಾ ಎಂದರು ಅಪ್ಪ. ಅಜ್ಜಿ ಎಲ್ಲರ ಕೈಗೂ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು. ಮೇಷ್ಟ್ರಿಗೆ ಮಾತ್ರ ಬೆಣ್ಣೆಯೂ ಇತ್ತು. ಗೂಡು ಸಾಗಿಸುವ ಟೆಂಪೋ ಹಿಡಿದು, ತಿನ್ನುತ್ತಾ, ಹಾಡುತ್ತಾ ಶಿಡ್ಲಘಟ್ಟ ಸೇರಿದೆವು.

ಕೊನೆಯ ಪಂದ್ಯಕ್ಕೆ ಎದುರಾದದ್ದು ಚಿಂತಾಮಣಿ ರಸ್ತೆಯಲ್ಲಿ ನಮಗಿಂತ ಆಚೆಗಿನ ಹಳ್ಳಿಯ ಶಾಲೆ. ಅವರಲ್ಲಿ ಕೆಂಪು ಟೇಪಿನ ಎರಡು ಜಡೆಯ ಒಬ್ಬಳಿದ್ದಳು. ಹಿಡಿಯಹೋದರೆ ಮೀನಿನ ಹಾಗೆ ಜಾರುತ್ತಿದ್ದಳು. ಪಾಯಿಂಟು ಎರಡೂ ಕಡೆ ಸಮವಾಗಿ, ಹೊತ್ತು ಮುಗಿಯುತ್ತಾ ಬಂದಾಗ ಅಂಕಣದಲ್ಲಿ ಉಳಿದವಳು ಅವಳೇ, ಅಟ್ಟುತ್ತಿದ್ದವಳು ನಾನೇ. ಓಡಿದೆ, ಓಡಿದೆ. ಉಸಿರು ಕಟ್ಟಿತು. ಬೇರೆ ದಿನವಾಗಿದ್ದರೆ ಉಸಿರು ನಿಂತರೂ ಖೋ ಕೊಡುತ್ತಿರಲಿಲ್ಲ. ಆದರೆ ಅಂದು ಬೆಳಿಗ್ಗೆ ಇವರೆಲ್ಲ ನನ್ನ ಮನೆಯ ನೆಲದಲ್ಲಿ ಬಗ್ಗಿ ಕೂತಿದ್ದು ಕಣ್ಣಿಗೆ ಕಟ್ಟಿತ್ತು. ಗೆಳತಿಯ ಬೆನ್ನು ಮುಟ್ಟಿ ಖೋ ಎಂದು ಕೂತೆ. ಗುದ್ದು ಬೀಳದೆ ಇದ್ದದ್ದಕ್ಕೆ ಅವಳೇ ಒಂದು ಗಳಿಗೆ ಬೆರಗಾದಳು. ಅವಳು ಕೆಂಪು ಟೇಪಿನವಳನ್ನು ಕಂಬದವರೆಗೆ ಅಟ್ಟಿ, ಸುತ್ತಿಸಿ, ನಾನು ಕೂತಿದ್ದ ಕಡೆಗೇ ತಂದು ನನಗೆ ಖೋ ಕೊಟ್ಟಳು. ಎದ್ದವಳೇ ಕೈ ಚಾಚಿದೆ. ಕೆಂಪು ಟೇಪಿನವಳ ತೋಳು ನನ್ನ ಬೆರಳಿಗೆ ತಾಗಿತು.

ತಾಗಿತು ಅಷ್ಟೆ. ಬೆಳಗಿನಿಂದ ಹುಳು ಎತ್ತಿದ ಬೆರಳುಗಳಿಗೆ ಬಲ ಹಾಕುವುದೇ ಮರೆತುಹೋಗಿತ್ತು. ಅಷ್ಟು ಮೆಲ್ಲಗೆ ಮುಟ್ಟಿದ್ದು ಅಂಪೈರ್ ಕಣ್ಣಿಗೆ ಬೀಳಲಿಲ್ಲ, ಅವರು ತಲೆಯಾಡಿಸಿ ಆಟ ಮುಂದುವರಿಸಿ ಎಂದು ಕೈ ಬೀಸಿದರು. ಮೇಷ್ಟ್ರು ಗೆರೆಯಾಚೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ನನಗೆ ರೇಗಿತು, ಜಗಳಕ್ಕೆ ಬಾಯಿ ತೆರೆದೆ.

ಅಷ್ಟರಲ್ಲಿ ಕೆಂಪು ಟೇಪಿನವಳು ನಿಂತುಬಿಟ್ಟಳು. ಹಳದಿ ಕಲೆಯಾಗಿದ್ದ ನನ್ನ ಬೆರಳುಗಳನ್ನು ಒಮ್ಮೆ ನೋಡಿದಳು. “ಮುಟ್ಟಿದ್ಲು ಸಾರ್. ನಾನು ಔಟು,” ಎಂದು ತಾನಾಗಿ ಗೆರೆಯಾಚೆ ನಡೆದಳು.

ಆ ಒಂದು ಪಾಯಿಂಟಿನಿಂದ ನಾವು ಗೆದ್ದೆವು. ಕುಣಿದೆವು, ಮೇಷ್ಟ್ರು ಮಂಡಿ ಮರೆತು ಕುಣಿದರು. ನಾನು ಮಾತ್ರ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಅವಳನ್ನು ಹುಡುಕಿಕೊಂಡು ಹೋದೆ. ಪಕ್ಕದಲ್ಲಿ ನಿಂತು ನಾನೂ ನೀರಿಗೆ ಕೈಯೊಡ್ಡಿದೆ.

“ಹುಳು ಹಣ್ಣಾಗಿದ್ವಾ ನಿಮ್ಮನೇಲಿ?” ಎಂದಳು ಅವಳೇ. “ಬೆರಳು ನೋಡಿದೆ. ನಮ್ಮನೇಲಿ ನಾಳೆ ಅಂತಿದಾರೆ.”

ನಾಳೆಯವರೆಗೆ ಕಾಯಲು ಆ ಸೆಖೆ ಬಿಡಲಿಲ್ಲ. ಮೈದಾನದ ಗೇಟಿನಲ್ಲಿ ಅವಳ ಅಪ್ಪ ಬೆವರು ಸುರಿಸುತ್ತಾ ಸೈಕಲ್ ನಿಲ್ಲಿಸುತ್ತಿದ್ದರು. “ಬಾರಮ್ಮ ಬೇಗ, ಮಧ್ಯಾಹ್ನದಿಂದ ಹಣ್ಣಾಗೋಕೆ ಶುರುವಾಗ್ಬಿಟ್ಟಿದೆ. ನಿಮ್ಮಮ್ಮ ಒಬ್ಳೇ ಒದ್ದಾಡ್ತಾವಳೆ.” ಅವಳ ಮುಖ ಸಪ್ಪಗಾಯಿತು. ಸೋತಾಗ ಆಗದ ಸಪ್ಪೆ ಅದು. ಆ ಮುಖ ನನಗೆ ಗೊತ್ತಿತ್ತು. ಬೆಳಿಗ್ಗೆ ನನ್ನದೂ ಅದೇ ಮುಖ.

ನಾನು ಮೇಷ್ಟ್ರ ಕಡೆ ತಿರುಗಿದೆ. ಕೇಳುವ ಮೊದಲೇ ಅವರು ಟೆಂಪೋ ಡ್ರೈವರನಿಗೆ, “ನಮ್ಮೂರಲ್ಲಿ ನಿಲ್ಲಿಸ್ಬೇಡಪ್ಪ, ಇನ್ನೂ ಸ್ವಲ್ಪ ಮುಂದಕ್ಕೆ ಹೋಗಣ,” ಎನ್ನುತ್ತಿದ್ದರು.

ಎರಡೂ ತಂಡ ಒಂದೇ ಟೆಂಪೋದಲ್ಲಿ ಹೋದೆವು. ಅವಳ ಮನೆಯ ಅಂಗಳ ಸೇರಿದಾಗ ಇನ್ನೂ ಸಂಜೆಯ ಬಿಸಿಲಿತ್ತು. ಮೇಷ್ಟ್ರು ಯಾರ ಕೈಲೂ ಹೇಳಿಸಿಕೊಳ್ಳದೆ ಬಾಗಿಲಿಂದ ದೂರ ಹುಣಸೆಮರದ ಕೆಳಗೆ ಕೂತು, “ಚಂದ್ರಿಕೆ ಎಲ್ಲಿಟ್ಟಿದೀರಿ ಹೇಳಿ,” ಎಂದರು. ಸೋತವರ ಊರಿನಲ್ಲಿ ಕಾಣದಿರಲೆಂದು ಗೆದ್ದ ಶೀಲ್ಡಿಗೆ ಟವೆಲ್ ಹೊದಿಸಿದ್ದರು. ಅದನ್ನೇ ಎತ್ತಿ ನೋಡಲು ಊರ ಮಕ್ಕಳೆಲ್ಲ ಅವರ ಸುತ್ತ ಮುತ್ತಿದರು.

ನಾವು ಸುಣ್ಣ ತುಳಿದು ಒಳಗೆ ಹೋದೆವು. ಗೆಳತಿ ಈಗ ಪಳಗಿದವಳಂತೆ ಎಲ್ಲರಿಗಿಂತ ಮೊದಲು ತಟ್ಟೆ ಎಳೆದುಕೊಂಡು, ಪಕ್ಕದವಳಿಗೆ ಒತ್ತಬಾರದು ಎಂದು ಬುದ್ಧಿ ಬೇರೆ ಹೇಳುತ್ತಿದ್ದಳು. ಕೆಂಪು ಟೇಪಿನವಳು ಗೋಡೆಯ ಬದಿಯ ತಟ್ಟೆಯ ಮುಂದೆ ಕೂತಿದ್ದಳು. ಇಡೀ ದಿನ ಓಡಿದ ಅವಳ ತಲೆ ನಿದ್ದೆಗೆ ವಾಲುತ್ತಿತ್ತು, ಕೈ ಮಾತ್ರ ಹುಳು ಆರಿಸುತ್ತಿತ್ತು. ನಾನು ಹಿಂದಿನಿಂದ ಹೋಗಿ ಅವಳ ಬೆನ್ನನ್ನು ಮೆಲ್ಲಗೆ, ಹುಳುವನ್ನು ಮುಟ್ಟಿದಷ್ಟೇ ಮೆಲ್ಲಗೆ ಮುಟ್ಟಿ, ಕಿವಿಯ ಹತ್ತಿರ ಪಿಸುಗುಟ್ಟಿದೆ.

“ಖೋ.”

ಅವಳು ನಕ್ಕು ಎದ್ದಳು. ನಾನು ಅವಳ ಜಾಗದಲ್ಲಿ ಕೂತೆ.